‘ಗ್ರಾಫ್ಟ್’ ಮತ್ತು ‘ಕಲಮು’

ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಕಡೆಯ ಒಕ್ಕಲಿಗರು ಮಾವಿನ ಸಸಿ ಕೊಳ್ಳುವಾಗ ‘ಕಲಮಿಯೋ, ಜವಾರಿಯೋ?’ ಎಂದು ಕೇಳುವದುಂಟು. ‘ಕಲಮಿ’ ಎಂಬ ಉತ್ತರ ಬಂದರೆ ಸಾಕು, ಸಮಾಧಾನಪಟ್ಟು ಹಣ ಕೊಡುವರು. ಆದರೆ ಈ ಶಬ್ದದ ಅರ್ಥವು ಬಹಳ ವಿಶಾಲವಾದದ್ದು.

ಇಂಗ್ಲೀಷಿನಲ್ಲಿ ಕಸಿಗೆ ‘ಗ್ರಾಫ್ಟ್’ ಎನ್ನುವರು. ಇದರ ಮೂಲವು ‘ಬರೆ’ ಎಂಬರ್ಥದ ಗ್ರೀಕ ಧಾತು. ಅದರಿಂದ ಲ್ಯಾಟಿನಿನ ‘ಗ್ರಾಫಿಯಂ’, ಅಂದರೆ ಓಲೆ ಬರೆಯುವ ಕಂಠದಂಥ ಮೊನೆಯುಳ್ಳ ಸಾಧನವು ಬಂದಿತು. ಫ್ರೆಂಚರ ಮುಖಾಂತರ ಅದು ಇಂಗ್ಲೀಷನ್ನು ಸೇರಿತು. ಬುಡವನ್ನು ಚೂಪಾಗಿ ಕೆತ್ತಿದ ಕಸಿಕಡ್ಡಿಯು ಕಂಠದಂತೆ ಕಾಣುವದೇ ಈ ಹೆಸರಿಗೆ ಕಾರಣ. ನಮ್ಮ ‘ಕಲಮು’ ಸಹ ಲೇಖಣಿಯೇ ಆಗಿರುವದು ಸೋಜಿಗ! ಗ್ರೀಕರಲ್ಲಿ ಜೊಂಡಿನ ಕಡ್ಡಿಗಿದ್ದ ಹೆಸರು ಅರಬ್ಬಿಯಲ್ಲಿ ‘ಕಲಮ್’ ಆಗಿ, ಪಾರಸಿಯ ದಾರಿಯಿಂದ ನಮ್ಮ ದೇಶಕ್ಕೆ ಬಂದಿತು. ಕಾಯದೆಯ ‘ಕಲಮು’ ಕೂಡ ಇದೇ ಶಬ್ದವು. ಎರಡು ಶಬ್ದಗಳಿಗೆ ನಂಟಿಲ್ಲ. ತೋಟಿಗರ ಕಣ್ಣು ಮಾತ್ರ ಎರಡೂ ಕಡೆ ಒಂದೇ.

ವೈದ್ಯರು ಸುಟ್ಟ ಗಾಯಕ್ಕೆ ಬೇರೆಡೆಯ ಚರ್ಮವನ್ನು ಕೂಡಿಸುವದಕ್ಕೂ ‘ಗ್ರಾಫ್ಟ್’ ಎನ್ನುವರು. ಅಮೇರಿಕದಲ್ಲಿ ಅಧಿಕಾರಿಗಳ ಲಂಚಕ್ಕೂ ಇದೇ ಹೆಸರು.

ವ್ಯವಸಾಯಕ್ಕೆ ಮುಖ್ಯವಾದ ಭೇದವೇನೆಂದರೆ, ‘ಗ್ರಾಫ್ಟ್’ ಎಂಬುದು ಎರಡು ಗಿಡಗಳ ಬೆಸುಗೆಗೆ ಮಾತ್ರ ಸಲ್ಲುವದು. ‘ಕಲಮು’ ಎಂಬುದು ನೆಲಕ್ಕೆ ಊರಿದ ಕಡ್ಡಿಗೂ, ಗೂಟಿ ಕಟ್ಟಿ ಬೇರು ಬರಿಸಿದ ಟೊಂಗೆಗೂ ಸಲ್ಲುವದು. ದಾಳಿಂಬದ ಗೂಟಿ ಗಿಡದಲ್ಲಿ ಬೆಸುಗೆ ಇರುವದಿಲ್ಲ, ಅದು ದೋಷವೂ ಅಲ್ಲ. ಮಾವಿನ ಮಾತು ಬೇರೆ. ಆಪೂಸಿನ ಗೊರಟೆಯಿಂದ ಹುಟ್ಟಿದ ಸಸಿಯು ತಾಯಿಯ ಗುಣವನ್ನೇ ಹೊಂದುವದೆಂಬ ಭರವಸೆಯಿಲ್ಲ; ಆದಕಾರಣ ಕಸಿ ಅವಶ್ಯ. ಕಸಿಗಿಡವು ಸಾಮಾನ್ಯವಾಗಿ 4-5 ವರ್ಷಗಳಲ್ಲಿ ಫಲಕ್ಕೆ ಬರುವದು, ಗೊರಟೆಯ ಗಿಡಕ್ಕೆ ಅದರ ಇಮ್ಮಡಿ ಕಾಲ ಬೇಕಾಗಬಹುದು. 10 ಮೀಟರು ಅಂತರದಲ್ಲಿ ಎಕರೆಗೆ 40 ಗಿಡ ನಟ್ಟವನು ಮೋಸಹೋದರೆ, ಅಷ್ಟು ವರ್ಷಗಳ ನೀರು, ಗೊಬ್ಬರ, ನೆಲ ಎಲ್ಲವೂ ನಷ್ಟವೇ.

ಆದ್ದರಿಂದ ‘ಕಲಮಿ’ ಎಂಬ ಮಾತನ್ನು ನಂಬದೆ ಕಾಂಡವನ್ನು ನೋಡತಕ್ಕದ್ದು. ಬುಡದಿಂದ ಮೇಲಕ್ಕೆ ಬೆರಳಾಡಿಸಿದರೆ ಒಂದೆಡೆ ಓರೆ ಗಾಯದ ಗುರುತೂ ತುಸು ಉಬ್ಬೂ ಸಿಕ್ಕಬೇಕು. ಅದರ ಮೇಲೆ ಕೆಳಗೆ ತೊಗಟೆಯ ಬಣ್ಣ ಬೇರೆಯಾಗಿರುವದೂ ಉಂಟು. ಕೇವಲ ಪಟ್ಟಿ ಸುತ್ತಿದ ಮಾತ್ರಕ್ಕೆ ಕಸಿಯಾಗದು, ಪಟ್ಟಿ ಬಿಚ್ಚಿಸಿ ನೋಡಬೇಕು. ನಡುವಾಗ ಬೆಸುಗೆಯನ್ನು ಮಣ್ಣಿನಲ್ಲಿ ಹೂಳಬಾರದು. ಅದರ ಕೆಳಗೆ ಒಡೆಯುವ ಚಿಗುರುಗಳನ್ನು ಕಂಡಕೂಡಲೇ ಚಿವುಟಬೇಕು. ಅವು ಜವಾರಿಯವು, ಬಿಟ್ಟರೆ ಮೇಲಿನ ಆಪೂಸನ್ನು ಸೊರಗಿಸಿ ತಾವೇ ಗಿಡವಾಗುವವು.