ಎಲ್‌ಇಡಿ ದೀಪಗಳಿಂದ ವಿದ್ಯುತ್ಕಾಂತೀಯ ಅಡಚಣೆ: ತಡೆಯುವ ವೆಚ್ಚ, ಕಡೆಗಣಿಸಿದರೆ ನಷ್ಟ

ಎಲ್‌ಇಡಿ ದೀಪಗಳ ತಯಾರಕರೂ ವರ್ತಕರೂ ವ್ಯಾಟ್, ಬಾಳಿಕೆ ಹಾಗೂ ಬೆಲೆಗಳತ್ತ ಹೆಚ್ಚು ಗಮನ ಹರಿಸುತ್ತಾರೆ. ಸರಕು ತಿರಸ್ಕೃತವಾಗಲು ಕಾರಣವಾಗಬಲ್ಲ ಮತ್ತೊಂದು ಅಂಶ ವಿದ್ಯುತ್ಕಾಂತೀಯ ಅಡಚಣೆ. ಅಂದರೆ, ದೀಪವು ಸಮೀಪದ ರೇಡಿಯೋ ಹಾಗೂ ಸಂಪರ್ಕ ಸಾಧನಗಳಿಗೆ ಉಂಟುಮಾಡುವ ತೊಂದರೆ.

ಅಡಚಣೆಯ ಮೂಲ

ಅಡಚಣೆ ಹುಟ್ಟುವುದು ಮುಖ್ಯವಾಗಿ ಡ್ರೈವರಿನಲ್ಲಿ. 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಡಿ.ಸಿ.ಗೆ ಪರಿವರ್ತಿಸುವಾಗ ಸ್ವಿಚಿಂಗ್ ಮಾದರಿಯ ಡ್ರೈವರ್ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ. ಇದರಿಂದಾಗುವ ಅಡಚಣೆ ತಂತಿಯ ಮೂಲಕವೂ ಗಾಳಿಯ ಮೂಲಕವೂ ಹರಡುತ್ತದೆ. ಹಡಗುಗಳಲ್ಲಿ ಅಳವಡಿಸಿದ ಎಲ್‌ಇಡಿ ದೀಪಗಳು ವಿಎಚ್‌ಎಫ್ ರೇಡಿಯೋ ಸಂಪರ್ಕಕ್ಕೆ ಅಡ್ಡಿಯಾಗಬಹುದೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆಯು 2018ರ ಆಗಸ್ಟ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು.

ನಿವಾರಣೋಪಾಯಗಳು

1. ಡ್ರೈವರಿನ ಪ್ರವೇಶದಲ್ಲಿ ಫಿಲ್ಟರ್ ಇರಬೇಕು: ಲೈನ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್ ದರ್ಜೆಯ ಕೆಪಾಸಿಟರ್, ಜೊತೆಗೆ ಕಾಮನ್ ಮೋಡ್ ಚೋಕ್. ವೈ ದರ್ಜೆಯ ಕೆಪಾಸಿಟರಿನ ಮೌಲ್ಯ ಹೆಚ್ಚಿದಂತೆ ಸೋರಿಕೆ ವಿದ್ಯುತ್ ಹೆಚ್ಚುವುದರಿಂದ ಅದು ಮಿತಿ ಮೀರಬಾರದು.

2. ಸರ್ಕ್ಯೂಟ್ ಬೋರ್ಡಿನಲ್ಲಿ ಸ್ವಿಚಿಂಗ್ ವಿದ್ಯುತ್ ಹರಿಯುವ ಸುತ್ತು ಸಾಧ್ಯವಾದಷ್ಟು ಕಿರಿದಾಗಿರಬೇಕು.

3. ಡ್ರೈವರಿನಿಂದ ದೀಪಕ್ಕೆ ಹೋಗುವ ತಂತಿಗಳು ಗಿಡ್ಡವಾಗಿ, ಪರಸ್ಪರ ಹೆಣೆದಿರಬೇಕು. ಲೋಹದ ಕವಚವಿದ್ದಲ್ಲಿ ಸಮರ್ಪಕ ಅರ್ಥಿಂಗ್ ಅವಶ್ಯ.

ನಿಯಮಗಳು

ದೀಪೋಪಕರಣಗಳ ಅಡಚಣೆಯ ಮಿತಿಗಳನ್ನು ಸಿಐಎಸ್‌ಪಿಆರ್ 15 ಎಂಬ ಅಂತರರಾಷ್ಟ್ರೀಯ ಮಾನಕವು ನಿಗದಿಪಡಿಸುತ್ತದೆ. ಯುರೋಪಿಯನ್ ಒಕ್ಕೂಟಕ್ಕೆ ರಫ್ತಾಗುವ ದೀಪಗಳ ಸಿಇ ಗುರುತಿಗೆ 2014/30 ಸಂಖ್ಯೆಯ ನಿರ್ದೇಶನದ ಪಾಲನೆ ಅಗತ್ಯ. ಭಾರತದ ಐಎಸ್ 16102 ಮಾನಕದ ಭಾಗ 1 ಸುರಕ್ಷತೆಗೆ ಸಂಬಂಧಿಸಿದ್ದು. ಅದರನ್ವಯ ಪಡೆದ ಬಿಐಎಸ್ ನೋಂದಣಿಯನ್ನು ಅಡಚಣೆ ಪರೀಕ್ಷೆಯ ಪ್ರಮಾಣಪತ್ರವೆಂದು ಭಾವಿಸಬಾರದು.

ಲಾಭ–ನಷ್ಟದ ಲೆಕ್ಕ

ಫಿಲ್ಟರಿನ ಬಿಡಿಭಾಗಗಳನ್ನು ಕೈಬಿಟ್ಟಾಗ ಆಗುವ ಉಳಿತಾಯ ತಯಾರಿಕಾ ವೆಚ್ಚದಲ್ಲಿ ಕೂಡಲೇ ಕಾಣುತ್ತದೆ. ಆದರೆ ಅದರಿಂದಾಗುವ ನಷ್ಟ ಒಂದೇ ಖಾತೆಯಲ್ಲಿ ಕಾಣಿಸುವುದಿಲ್ಲ. ಹಿಂದಿರುಗಿದ ಸರಕಿನ ಸಾಗಣೆ, ಮರುಪರೀಕ್ಷೆಯ ಶುಲ್ಕ, ದಾಸ್ತಾನಿನಲ್ಲಿ ಸಿಲುಕಿದ ಬಂಡವಾಳದ ಮೇಲಿನ ಬಡ್ಡಿ, ಹೀಗೆ ತಿಂಗಳುಗಳ ಬಳಿಕ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋಗುತ್ತದೆ. ಇವೆಲ್ಲವನ್ನೂ ಆಯಾ ಮಾದರಿಯ ದೀಪದ ಹೆಸರಿನಲ್ಲಿ ಒಟ್ಟುಗೂಡಿಸಿದಾಗಲೇ ಉಳಿತಾಯದ ನಿಜರೂಪ ತಿಳಿಯುತ್ತದೆ.

ವರ್ತಕರು ಖರೀದಿ ಆದೇಶದಲ್ಲಿಯೇ ಆಯಾ ಮಾದರಿಯ ಅಡಚಣೆ ಪರೀಕ್ಷಾ ವರದಿಯನ್ನು ಕೇಳುವುದು ಒಳಿತು. ಡ್ರೈವರ್ ಬದಲಾದರೆ ಹಳೆಯ ವರದಿ ಸಾಲದೆಂಬ ಷರತ್ತೂ ಇರಲಿ. ಪ್ರಾಥಮಿಕ ತಪಾಸಣೆಗೆ, ಮಧ್ಯಮ ತರಂಗದ ರೇಡಿಯೋವನ್ನು ದೀಪದ ಬಳಿ ಇಟ್ಟು ದೀಪ ಹಚ್ಚಿ ನೋಡಬಹುದು. ಕರಕರ ಸದ್ದು ಹೆಚ್ಚಿದರೆ, ಸರಕು ಸ್ವೀಕರಿಸುವ ಮುನ್ನ ಪ್ರಯೋಗಾಲಯದ ಪರೀಕ್ಷೆ ಮಾಡಿಸುವುದು ವಿವೇಕದ ಮಾರ್ಗ.