ವೇದಿಕೆಯ ಮೇಲೆ ಹಾಡುತ್ತಿರುವವರು ಯಾರು?

ಗಣೇಶೋತ್ಸವ ಬಂತೆಂದರೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ರಸಮಂಜರಿಗಳ ಕಾಲವೂ ಬಂತೆಂದೇ ಅರ್ಥ. ನವೆಂಬರಿನ ರಾಜ್ಯೋತ್ಸವ ಕಳೆದು ಊರೂರ ಜಾತ್ರೆಗಳು ಮುಗಿಯುವವರೆಗೂ ಯಾವುದಾದರೊಂದು ಮೈದಾನದಲ್ಲಿ ಬಣ್ಣದ ದೀಪ ಮತ್ತು ಹೊಗೆಯ ನಡುವೆ ಹಾಡು ಇದ್ದೇ ಇರುತ್ತದೆ. ಬೆಂಗಳೂರಿನಿಂದ ಹೆಸರಾಂತ ಗಾಯಕರೋ ಚಿತ್ರತಾರೆಯೋ ಬಂದಿದ್ದರಂತೂ ಮರುದಿನ ಬೆಳಿಗ್ಗೆ ಹೋಟೆಲುಗಳಲ್ಲಿ ಒಂದು ವಾದ ತಪ್ಪಿದ್ದಲ್ಲ. ನಿನ್ನೆ ಅವರು ನಿಜವಾಗಿಯೂ ಹಾಡಿದರೋ, ಧ್ವನಿಮುದ್ರಿಕೆಗೆ ತುಟಿ ಆಡಿಸಿದರೋ? ಅಭಿಮಾನಿಗಳ ಒಂದು ಗುಂಪಿಗೆ ಅದು ಮೋಸ. ಅಷ್ಟು ಕುಣಿಯುತ್ತಾ ಹಾಡಲು ಯಾರ ಉಸಿರಿಗೆ ಸಾಧ್ಯ, ನೋಡಲು ಬಂದೆವು, ನೋಡಿದೆವು ಎಂಬುದು ಇನ್ನೊಂದು ಗುಂಪಿನ ಸಮಜಾಯಿಷಿ.

ಇದು ನಮ್ಮ ಹೋಟೆಲುಗಳಿಗೆ ಸೀಮಿತವಾದ ಜಗಳವೇನೂ ಅಲ್ಲ. ‘ಮಿಲಿ ವನಿಲಿ’ ಎಂಬ ಜೋಡಿಗೆ 1990ರ ಫೆಬ್ರುವರಿಯಲ್ಲಿ ಅಮೆರಿಕದ ಪ್ರತಿಷ್ಠಿತ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ದಾಖಲೆಯಲ್ಲಿದ್ದ ಧ್ವನಿ ಅವರದಲ್ಲವೆಂದು ನಿರ್ಮಾಪಕನೇ ಒಪ್ಪಿಕೊಂಡ ಮೇಲೆ ಅದೇ ನವೆಂಬರಿನಲ್ಲಿ ಅದನ್ನು ಹಿಂಪಡೆಯಲಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜಗತ್ತು ಕಂಡ ಬಾಲಕಿ ಒಬ್ಬಳು, ಕೇಳಿದ ಕಂಠ ಇನ್ನೊಬ್ಬಳದು.

ಹಾಗೆಂದು, ಹಾಡುವವರೇ ಕುಣಿಯಬೇಕು ಎಂಬ ಹಟ ನಮ್ಮ ಕಲಾಪರಂಪರೆಗೆ ಎಂದೂ ಇರಲಿಲ್ಲ. ಸೊರಬದ ಕಡೆ ಬಡಗುತಿಟ್ಟಿನ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದ್ಯ ಹೇಳುವವರು ಭಾಗವತರು, ಹೆಜ್ಜೆ ಹಾಕುವವರು ವೇಷಧಾರಿಗಳು. ಆದರೆ ಭಾಗವತರು ರಂಗದ ಮೇಲೆಯೇ, ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತಿರುತ್ತಾರೆ. ಸಿನಿಮಾದ ಹಿನ್ನೆಲೆ ಗಾಯನವೂ ಇಂಥದೇ ಒಪ್ಪಂದ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತೆಯ ಧ್ವನಿಮುದ್ರಿಕೆಯ ಮೇಲೆ ಲತಾ ಮಂಗೇಶ್ಕರ್ ಅವರ ಹೆಸರಿಗೆ ಬದಲಾಗಿ ಪಾತ್ರದ ಹೆಸರು ‘ಕಾಮಿನಿ’ ಎಂದಿತ್ತು. ಹಾಡಿದವರು ಯಾರೆಂದು ರೇಡಿಯೊ ಕೇಳುಗರು ಪಟ್ಟು ಹಿಡಿದು ಕೇಳಿದರು. ನಮ್ಮಲ್ಲಿ ರಾಜಕುಮಾರ್ ಅವರ ತೆರೆಯ ಮೇಲಿನ ಕಂಠ ಬಹುಕಾಲ ಪಿ.ಬಿ.ಶ್ರೀನಿವಾಸ್ ಅವರದೆಂಬುದು ಎಲ್ಲರಿಗೂ ತಿಳಿದಿತ್ತು, ಯಾರಿಗೂ ಮೋಸ ಹೋದೆವೆಂದು ಅನ್ನಿಸಲಿಲ್ಲ. ವೃತ್ತಿರಂಗಭೂಮಿಯಲ್ಲಿ ಹಾಡಿಕೊಂಡೇ ಬೆಳೆದ ರಾಜಕುಮಾರ್ 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಎರಡೂ ಕಾಲದಲ್ಲಿ ಪ್ರೇಕ್ಷಕನಿಗೆ ಸತ್ಯ ಗೊತ್ತಿತ್ತು.

ಇಂದಿನ ಮೈದಾನದಲ್ಲಿ ಆ ಸತ್ಯವೇ ಮಸುಕಾಗಿದೆ. ಅಭಿಮಾನಿಗಳು ‘ಸಿ.ಡಿ. ಹಾಕಿದರು’ ಎಂದು ಒಂದೇ ಮಾತಿನಲ್ಲಿ ಹೇಳುವ ಸಂಗತಿಯಲ್ಲಿ ಹಲವು ಬಗೆಗಳಿವೆ. ವಾದ್ಯಗಳಷ್ಟೇ ಮುದ್ರಿತವಾಗಿದ್ದು ಗಾಯಕ ನಿಜವಾಗಿ ಹಾಡುವುದು ಒಂದು ಬಗೆ. ಮುದ್ರಿತ ಧ್ವನಿಯನ್ನು ಹಿನ್ನೆಲೆಯಲ್ಲಿ ಮೆಲ್ಲಗೆ ಬಿಟ್ಟು, ಅದರ ಮೇಲೆ ಹಾಡಿ, ಏರುಸ್ವರ ಬಂದಾಗ ಅದಕ್ಕೇ ಒರಗಿಕೊಳ್ಳುವುದು ಇನ್ನೊಂದು. ಮೈಕನ್ನೇ ಮುಚ್ಚಿಟ್ಟು ತುಟಿ ಮಾತ್ರ ಆಡಿಸುವುದು ಕೊನೆಯದು. ಬಾಯಿಂದ ಮೈಕು ದೂರ ಸರಿದರೂ ದನಿ ಕುಗ್ಗದಿದ್ದರೆ, ಜಿಗಿದರೂ ಉಸಿರು ಕೇಳಿಸದಿದ್ದರೆ ಅನುಮಾನಪಡಬಹುದು. ಮಧ್ಯದ ಬಗೆಯನ್ನು ಮಾತ್ರ, ಧ್ವನಿ ಮಂಡಳಿಯ ಮುಂದೆ ಕುಳಿತ ತಂತ್ರಜ್ಞನ ಹೊರತು, ಬೇರೆ ಯಾರೂ ಖಚಿತವಾಗಿ ಹೇಳಲಾರರು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಎರಡು ಹಳೆಯ ಪಾಠಗಳು ನೆನಪಾಗುತ್ತವೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕ ಸಂಕಟವನ್ನು ಕುರಿತು ಬರೆದರು. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಕಡಿಮೆ ಕೈಗಳಿಂದ ಹೆಚ್ಚು ಉತ್ಪಾದನೆ ಸಾಧ್ಯ. ಯಕ್ಷಗಾನದ ಹಿಮ್ಮೇಳಕ್ಕೆ ಅಂದು ಎಷ್ಟು ಜನ ಬೇಕಿತ್ತೋ ಇಂದೂ ಅಷ್ಟೇ ಜನ ಬೇಕು. ಕೂಲಿ ಏರುತ್ತದೆ, ಖರ್ಚು ಏರುತ್ತದೆ. ರಸಮಂಜರಿಗಳು ಇದಕ್ಕೆ ಕಂಡುಕೊಂಡ ಉಪಾಯವೇ ಮುದ್ರಿತ ಟ್ರ್ಯಾಕ್. ಕೀಬೋರ್ಡು, ರಿದಂ ಪ್ಯಾಡುಗಳು ಮೊದಲು ತಬಲಾ, ಢೋಲಕ್‌ಗಳನ್ನು ಹೊರಗಿಟ್ಟವು. ಬಳಿಕ ಲ್ಯಾಪ್‌ಟಾಪ್ ಬಂದು ಕೀಬೋರ್ಡಿನವರನ್ನೂ ಮನೆಗೆ ಕಳಿಸಿತು. ಈಗ ಗಾಯಕರ ಸರದಿ.

ಎರಡನೆಯ ಪಾಠ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹೇಳಿದ್ದು. ಹಳೆಯ ಕಾರು ಕೊಳ್ಳುವವನಿಗೆ ಒಳ್ಳೆಯದಾವುದು, ಕೆಟ್ಟದ್ದಾವುದು ಎಂದು ತಿಳಿಯದಿದ್ದರೆ ಒಳ್ಳೆಯದಕ್ಕೆ ತಕ್ಕ ಬೆಲೆ ಕೊಡುವುದಿಲ್ಲ; ಒಳ್ಳೆಯ ಕಾರಿನ ಒಡೆಯ ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾನೆ. ಸೇವೆಯಲ್ಲಿದ್ದಾಗ ಉತ್ಸವಗಳ ಖರ್ಚಿನ ಪಟ್ಟಿಗಳನ್ನು ಧಾರಾಳವಾಗಿ ನೋಡಿದ್ದೇನೆ. ಶಾಮಿಯಾನಕ್ಕೆ ಅಡಿ ಲೆಕ್ಕ, ಕುರ್ಚಿಗೆ ಸಂಖ್ಯೆ, ಹಾರಕ್ಕೂ ದರ ಇರುತ್ತದೆ. ಹಾಡುವವರು ಹಾಡುತ್ತಾರೆಯೇ ಎಂಬುದಕ್ಕೆ ಕಾಲಂ ಇಲ್ಲ. ಮೂರು ಕೊಟೇಷನ್ ತರಿಸಿ ಕಡಿಮೆ ದರದವರಿಗೆ ಕೊಡುವುದು ಕಚೇರಿಯ ರೂಢಿ. ಹತ್ತು ವಾದ್ಯಗಾರರನ್ನು ಕರೆತರುವ ತಂಡ, ಒಂದು ಲ್ಯಾಪ್‌ಟಾಪ್ ತರುವ ತಂಡದ ಮುಂದೆ ಕಡಿಮೆ ದರ ನಮೂದಿಸುವುದು ಹೇಗೆ? ಸೋಲುವುದು ಊರಿನ ತಬಲಾ, ಕೊಳಲು, ಹಾರ್ಮೋನಿಯಂ ವಾದಕರು. ಅವರ ಮಕ್ಕಳು ಆ ವಿದ್ಯೆಯನ್ನು ಕಲಿಯುವುದೇ ಇಲ್ಲ.

ಇದು ಬರೀ ಕೂಲಿಯ ಪ್ರಶ್ನೆಯೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆಂದು ಪ್ರಸಿದ್ಧನಾದ ಅಲ್ಲಮ ಮದ್ದಳೆಗಾರ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಸೊರಬಕ್ಕೆ ಸಮೀಪದ ಬನವಾಸಿಯಲ್ಲಿ, ಮಾಯೆಯ ನರ್ತನಕ್ಕೆ ಆತ ಮದ್ದಳೆ ನುಡಿಸುತ್ತಾನೆ. ಹೆಜ್ಜೆಯನ್ನು ಮದ್ದಳೆ ನೋಡುತ್ತದೆ, ಮದ್ದಳೆಯನ್ನು ಹೆಜ್ಜೆ ಕೇಳುತ್ತದೆ. ಮುದ್ರಿತ ಟ್ರ್ಯಾಕಿಗೆ ನೋಡುವ ಕಣ್ಣಿಲ್ಲ. ಸಭಿಕರು ‘ಮತ್ತೊಮ್ಮೆ’ ಎಂದರೂ ಅದಕ್ಕೆ ಕೇಳಿಸುವುದಿಲ್ಲ.

ಚೀನಾ ವಾಣಿಜ್ಯ ಪ್ರದರ್ಶನಗಳಲ್ಲಿ ತುಟಿ ಆಡಿಸಿ ವಂಚಿಸುವುದನ್ನು ನಿಯಮದ ಮೂಲಕವೇ ನಿಷೇಧಿಸಿದೆ. ಅಷ್ಟು ದೂರ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹಾಡು ಪರೀಕ್ಷಿಸುವ ಇನ್‌ಸ್ಪೆಕ್ಟರುಗಳನ್ನು ನೇಮಿಸಿದರೆ ಆಗುವ ಅನಾಹುತವನ್ನು ಊಹಿಸಬಲ್ಲೆ. 2009ರಲ್ಲಿ ಬ್ರಿಟ್ನಿ ಸ್ಪಿಯರ್ಸ್ ಆಸ್ಟ್ರೇಲಿಯಾಕ್ಕೆ ಬಂದಾಗ ನ್ಯೂ ಸೌತ್ ವೇಲ್ಸ್ ರಾಜ್ಯದ ಸಚಿವೆಯೊಬ್ಬರು, ಹಾಡು ಮುದ್ರಿತವಾಗಿದ್ದರೆ ಟಿಕೆಟ್ ಕೊಳ್ಳುವವರಿಗೆ ಮೊದಲೇ ತಿಳಿಸಬೇಕೆಂಬ ಮಾತೆತ್ತಿದ್ದರು. ಅದು ಹೆಚ್ಚು ವ್ಯವಹಾರಯೋಗ್ಯ.

ಖಾಸಗಿಯವರು ತಮ್ಮ ಹಣದಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಸಾರ್ವಜನಿಕ ಹಣದಿಂದ ನಡೆಯುವ ಉತ್ಸವಗಳ, ಬನವಾಸಿಯ ಕದಂಬೋತ್ಸವದಿಂದ ಹಿಡಿದು ಪುರಸಭೆಯ ರಾಜ್ಯೋತ್ಸವದವರೆಗೆ, ಕೊಟೇಷನ್ ನಮೂನೆಯಲ್ಲಿ ಎರಡು ಸಾಲು ಸೇರಿಸಿದರೆ ಸಾಕು. ಗಾಯಕರ ಧ್ವನಿ ನೇರವೋ, ಭಾಗಶಃ ಮುದ್ರಿತವೋ, ಪೂರ್ತಿ ಮುದ್ರಿತವೋ? ವೇದಿಕೆಯ ಮೇಲೆ ನುಡಿಸುವ ವಾದ್ಯಗಾರರು ಎಷ್ಟು ಮಂದಿ? ಉತ್ತರ ಕರಪತ್ರದಲ್ಲೂ ಅಚ್ಚಾಗಲಿ. ದರಗಳನ್ನು ಒಂದೇ ಬಗೆಯ ತಂಡಗಳ ನಡುವೆ ಮಾತ್ರ ಹೋಲಿಸಲಿ. ದೊಡ್ಡ ತಾರೆಯರು ಇದಕ್ಕೆ ಒಪ್ಪಲಾರರು ಎಂಬ ಆಕ್ಷೇಪ ಬರಬಹುದು. ಅವರ ಕಾರ್ಯಕ್ರಮಕ್ಕೆ ‘ನೃತ್ಯ ಪ್ರದರ್ಶನ’ ಎಂದು ಹೆಸರಿಟ್ಟು ಅದಕ್ಕೆ ಸಲ್ಲುವ ಸಂಭಾವನೆ ಕೊಡಬಹುದು. ಉಳಿದ ಮೊತ್ತದಲ್ಲಿ ಊರಿನ ನಾಲ್ವರು ವಾದ್ಯಗಾರರನ್ನು ಅದೇ ವೇದಿಕೆಗೆ ಕರೆಯಲು ಯಾವ ನಿಯಮವೂ ಅಡ್ಡಬರುವುದಿಲ್ಲ.