ಮನಸ್ಸಿನ ಗಾಯಕ್ಕೆ ಕಣ್ಣಿನ ಚಲನೆಯ ಚಿಕಿತ್ಸೆ: ಈಗ ಮನೆಯಲ್ಲಿ ಕುಳಿತೇ ಪಡೆಯಬಹುದು

ತೋಟದ ಬದುಕಿನಲ್ಲಿ ಅಪಾಯ ಯಾವಾಗಲೂ ಪಕ್ಕದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವವನು ಕಾಲು ಜಾರಿ ಬೀಳುತ್ತಾನೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕ್ಷಣದಲ್ಲಿ ಜೀವ ಹೋಗುತ್ತದೆ. ಸಾಲದ ಹೊರೆ ತಾಳಲಾರದೆ ಮನೆಯ ಯಜಮಾನ ವಿಷ ಕುಡಿದ ಮನೆಗಳೂ ಇವೆ. 2024ರ ಜುಲೈ 30ರಂದು ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಬಂದಾಗ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಬದುಕಿ ಉಳಿದವರ ಮೈಮೇಲಿನ ಗಾಯ ಮಾಗಿರಬಹುದು. ಆದರೆ ಕಣ್ಣೆದುರೇ ತನ್ನವರನ್ನು ಕಳೆದುಕೊಂಡವರ ಮನಸ್ಸಿನ ಗಾಯ?

ಇಂಥ ಗಾಯಕ್ಕೂ ಮದ್ದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅವುಗಳಲ್ಲಿ ಒಂದಾದ ಇ.ಎಂ.ಡಿ.ಆರ್. ಎಂಬ ಕಣ್ಣಿನ ಚಲನೆಯ ಚಿಕಿತ್ಸೆಯನ್ನೂ, ಅದನ್ನು ಇಂಟರ್ನೆಟ್ ಮೂಲಕ ಪಡೆಯುವ ಬಗೆಯನ್ನೂ ಈ ಸಲ ತಿಳಿಯೋಣ.

ಗುರುತಿಸುವುದು ಹೇಗೆ?

ದುರಂತ ನಡೆದ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅಳು ಬರುವುದು ಸಹಜ. ಹೆಚ್ಚಿನವರಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ. ಆದರೆ ಒಂದು ತಿಂಗಳು ಕಳೆದ ಮೇಲೂ ಈ ಕೆಳಗಿನ ಲಕ್ಷಣಗಳು ಉಳಿದು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದನ್ನು ಕಾಯಿಲೆಯೆಂದೇ ತಿಳಿಯಬೇಕು.

ನಡೆದ ಘಟನೆ ಈಗಲೇ ನಡೆಯುತ್ತಿರುವಂತೆ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತದೆ, ಕನಸಿನಲ್ಲೂ ಕಾಡುತ್ತದೆ. ಆ ಜಾಗ, ಆ ಮಾತು, ಆ ವ್ಯಕ್ತಿಗಳಿಂದ ದೂರವಿರಬೇಕೆನಿಸುತ್ತದೆ. ಸಣ್ಣ ಶಬ್ದಕ್ಕೂ ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ‘ತಪ್ಪು ನನ್ನದೇ’, ‘ಇನ್ನು ನನ್ನಿಂದ ಏನೂ ಆಗದು’ ಎಂಬ ಭಾವನೆ ಬೇರೂರುತ್ತದೆ. ವೈದ್ಯರು ಇದನ್ನು ಪಿ.ಟಿ.ಎಸ್.ಡಿ. ಎನ್ನುತ್ತಾರೆ. ವೈದ್ಯಶಾಸ್ತ್ರದ ಪಟ್ಟಿಯಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ.

ನಮ್ಮ ಮನೆಗಳಲ್ಲಿ ಇದು ಬೇರೆ ವೇಷದಲ್ಲಿ ಬರುವುದುಂಟು. ಅಣ್ಣ ಮರದಿಂದ ಬಿದ್ದುದನ್ನು ಕಂಡ ತಮ್ಮ ತೋಟಕ್ಕೆ ಕಾಲಿಡುವುದಿಲ್ಲ. ಮನೆಯವರು ಅವನನ್ನು ಸೋಮಾರಿ ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸು ಮೈಕೈ ನೋವೆಂದು ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾಳೆ. ಮತ್ತೊಬ್ಬ ನಿದ್ದೆಗಾಗಿ ಕುಡಿಯಲು ಶುರುಮಾಡುತ್ತಾನೆ. ಊರು ಅವನನ್ನು ಕುಡುಕನೆನ್ನುತ್ತದೆ. ಬೇರಿನ ರೋಗ ಕಾಣದೆ ಎಲೆಗೆ ಮದ್ದು ಹೊಡೆದಂತೆ!

ಮೆಲುಕು ಹಾಕದ ನೆನಪು

ಹಸು ಹಗಲು ಅವಸರದಲ್ಲಿ ತಿಂದ ಮೇವನ್ನು ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ನಮ್ಮ ಮಿದುಳು ಕೂಡ ದಿನದ ಅನುಭವಗಳನ್ನು, ಮುಖ್ಯವಾಗಿ ನಿದ್ದೆಯ ಹೊತ್ತಿನಲ್ಲಿ, ಜೀರ್ಣಿಸಿಕೊಂಡು ಹಳೆಯ ನೆನಪುಗಳ ಸಾಲಿನಲ್ಲಿ ಜೋಡಿಸಿಡುತ್ತದೆ. ಹತ್ತು ವರ್ಷ ಹಿಂದಿನ ಜಗಳ ಇಂದು ನೆನಪಾದರೂ ಅಂದಿನ ಸಿಟ್ಟು ಬಾರದಿರುವುದು ಇದರಿಂದಲೇ. ಆದರೆ ಮಿತಿಮೀರಿದ ಭಯದ ಅನುಭವ ಹೀಗೆ ಜೀರ್ಣವಾಗದೆ ಉಳಿದುಬಿಡುವುದುಂಟು. ಆಗ ಅದರ ನೋಟ, ಶಬ್ದ, ವಾಸನೆ, ಮೈನಡುಕ ಎಲ್ಲವೂ ಹಸಿಹಸಿಯಾಗಿಯೇ ಇರುತ್ತವೆ. ಇ.ಎಂ.ಡಿ.ಆರ್. ಚಿಕಿತ್ಸೆ ಈ ವಿಚಾರದ ಮೇಲೆ ನಿಂತಿದೆ. ನೆನಪನ್ನು ಅಳಿಸುವುದು ಅದರ ಗುರಿಯಲ್ಲ; ಅದರ ಮೊನೆಯನ್ನು ಮೊಂಡು ಮಾಡುವುದು ಅದರ ಗುರಿ.

ಹುಟ್ಟಿದ ಬಗೆ

ಈ ವಿಧಾನವನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ನಡೆಯುತ್ತಿದ್ದಾಗ, ತಮ್ಮ ಕಣ್ಣುಗಳು ವೇಗವಾಗಿ ಅತ್ತಿತ್ತ ಚಲಿಸಿದಾಗ ಮನಸ್ಸನ್ನು ಕಾಡುತ್ತಿದ್ದ ಆಲೋಚನೆಗಳ ತೀವ್ರತೆ ಇಳಿದುದನ್ನು ಅವರು ಗಮನಿಸಿದರು. ಇದನ್ನು 22 ಜನರ ಮೇಲೆ ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. ಹೊಸ ವಿಧಾನದ ಬಗ್ಗೆ ಅನೇಕ ವಿದ್ವಾಂಸರು ಸಂಶಯಪಟ್ಟರು. ನಂತರದ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಪರೀಕ್ಷೆಗಳು ನಡೆದವು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿ.ಟಿ.ಎಸ್.ಡಿ.ಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಶಪಿರೊ 2019ರಲ್ಲಿ ತೀರಿಕೊಂಡರು.

ಭಾರತಕ್ಕೂ ಇದು ಹೊಸತಲ್ಲ. 2001ರ ಜನವರಿ 26ರ ಗುಜರಾತ್ ಭೂಕಂಪದ ನಂತರ ಅಲ್ಲಿ ಸಂತ್ರಸ್ತರಿಗಾಗಿ ಈ ವಿಧಾನವನ್ನು ಬಳಸಲಾಯಿತು, ನಮ್ಮ ದೇಶದ ಚಿಕಿತ್ಸಕರಿಗೆ ತರಬೇತಿಯನ್ನೂ ಕೊಡಲಾಯಿತು.

ಕಣ್ಣಿನ ಚಲನೆ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಇನ್ನೂ ಚರ್ಚೆಯಿದೆ. ಹೆಚ್ಚು ಒಪ್ಪಿತವಾದ ವಿವರಣೆ ಹೀಗಿದೆ: ನಮ್ಮ ಮನಸ್ಸಿನ ಗಮನಕ್ಕೆ ಒಂದು ಮಿತಿಯಿದೆ. ಕಹಿ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕಣ್ಣಿನಿಂದ ಚಲಿಸುವ ವಸ್ತುವನ್ನು ಹಿಂಬಾಲಿಸಬೇಕಾದಾಗ ಆ ಗಮನ ಹಂಚಿಹೋಗುತ್ತದೆ. ಆಗ ನೆನಪಿನ ಚಿತ್ರ ಮಸುಕಾಗಿ, ಹಾಗೆ ಮಸುಕಾದ ರೂಪದಲ್ಲೇ ಮತ್ತೆ ಮನಸ್ಸಿನಲ್ಲಿ ಕೂರುತ್ತದೆ. ಭಯಪಟ್ಟ ಸಂಗತಿಯನ್ನು ಸುರಕ್ಷಿತ ವಾತಾವರಣದಲ್ಲಿ ಎದುರಿಸುವುದರಿಂದಲೇ ಗುಣವಾಗುತ್ತದೆ, ಕಣ್ಣಿನ ಚಲನೆಯ ಪಾತ್ರ ಸಣ್ಣದು ಎನ್ನುವ ವಿದ್ವಾಂಸರೂ ಇದ್ದಾರೆ.

ನಡೆಯುವ ಕ್ರಮ

ಚಿಕಿತ್ಸೆಗೆ 8 ಹಂತಗಳಿವೆ. ಮೊದಲು ಚಿಕಿತ್ಸಕರು ನಿಮ್ಮ ಪೂರ್ವ ಕಥೆಯನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಎರಡನೆಯದು ಸಿದ್ಧತೆ: ಭಯ ಉಕ್ಕಿ ಬಂದರೆ ಮನಸ್ಸನ್ನು ಶಾಂತಗೊಳಿಸುವ ಉಪಾಯಗಳನ್ನು ಕಲಿಸುತ್ತಾರೆ. ಬಳಿಕ ಕಾಡುವ ನೆನಪಿನ ಒಂದು ಚಿತ್ರವನ್ನೂ, ಅದರೊಡನೆ ಅಂಟಿಕೊಂಡ ‘ನನ್ನಿಂದಲೇ ಹೀಗಾಯಿತು’ ಎಂಬಂಥ ನಂಬಿಕೆಯನ್ನೂ ಗುರುತಿಸುತ್ತಾರೆ. ಸಂಕಟ ಎಷ್ಟಿದೆಯೆಂದು 0ರಿಂದ 10ರ ಅಳತೆಯಲ್ಲಿ ನೀವೇ ಹೇಳಬೇಕು.

ನಾಲ್ಕನೆಯ ಹಂತದಲ್ಲಿ ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಎಡಬಲಕ್ಕೆ ಚಲಿಸುವ ಚಿಕಿತ್ಸಕರ ಬೆರಳನ್ನು ತಲೆ ಅಲುಗಿಸದೆ ಕಣ್ಣಿನಿಂದಷ್ಟೇ ಹಿಂಬಾಲಿಸುತ್ತೀರಿ. ಅರ್ಧ ನಿಮಿಷದಷ್ಟು ಹೊತ್ತು ಹೀಗೆ ಮಾಡಿ ನಿಲ್ಲಿಸಿ, ‘ಈಗೇನು ಬಂತು?’ ಎಂದು ಕೇಳುತ್ತಾರೆ. ಸಂಕಟದ ಅಂಕಿ ಇಳಿಯುವ ತನಕ ಇದು ಮುಂದುವರಿಯುತ್ತದೆ. ಐದನೆಯ ಹಂತದಲ್ಲಿ ‘ನನ್ನಿಂದಾದುದನ್ನು ಮಾಡಿದ್ದೇನೆ’ ಎಂಬಂಥ ಹೊಸ ನಂಬಿಕೆಯನ್ನು ಗಟ್ಟಿಗೊಳಿಸುತ್ತಾರೆ. ಆಮೇಲೆ ಮೈಯಲ್ಲಿ ಎಲ್ಲಿಯಾದರೂ ಬಿಗಿತ ಉಳಿದಿದೆಯೇ ಎಂದು ನೋಡುತ್ತಾರೆ, ಮನಸ್ಸನ್ನು ಶಾಂತ ಸ್ಥಿತಿಗೆ ತಂದು ಮುಗಿಸುತ್ತಾರೆ, ಮುಂದಿನ ಸಲ ಪುನಃ ಪರಿಶೀಲಿಸುತ್ತಾರೆ.

ಒಂದು ಭೇಟಿಗೆ ಸುಮಾರು 60ರಿಂದ 90 ನಿಮಿಷ ಬೇಕು. ವಯಸ್ಕರಿಗೆ ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಹೇಳುತ್ತದೆ. ಬಾಲ್ಯದಿಂದ ನೋವುಂಡವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ನಡೆದುದನ್ನು ಪೂರ್ತಿ ಬಾಯಿಬಿಟ್ಟು ವಿವರಿಸಬೇಕೆಂಬ ಒತ್ತಾಯ ಇದರಲ್ಲಿಲ್ಲ. ಹೇಳಿಕೊಳ್ಳಲಾಗದ ನೋವುಳ್ಳ ಹೆಣ್ಣುಮಕ್ಕಳಿಗೆ ಇದು ದೊಡ್ಡ ಸಮಾಧಾನ.

ಇದು ವಶೀಕರಣವೇ?

ಬೆರಳು ಆಡಿಸುವುದನ್ನು ಕೇಳಿದೊಡನೆ ಕೆಲವರಿಗೆ ಈ ಸಂಶಯ ಬರುತ್ತದೆ. ಅಲ್ಲ. ಚಿಕಿತ್ಸೆಯುದ್ದಕ್ಕೂ ನೀವು ಪೂರ್ಣ ಎಚ್ಚರದಲ್ಲಿರುತ್ತೀರಿ. ಕೈ ಎತ್ತಿದರೆ ಸಾಕು, ಚಿಕಿತ್ಸಕರು ನಿಲ್ಲಿಸುತ್ತಾರೆ. ಇದರಲ್ಲಿ ಮಂತ್ರವಿಲ್ಲ, ಮಾಟವಿಲ್ಲ, ನಮ್ಮ ವಿಶ್ವಾಸಕ್ಕೆ ವಿರುದ್ಧವಾದುದೇನೂ ಇಲ್ಲ. ಪ್ರಾರ್ಥನೆ ಮಾಡುವವರು ವೈದ್ಯರ ಬಳಿ ಹೋಗಬಾರದೆಂದು ಯಾರೂ ಹೇಳಿಲ್ಲ. ಪಾಪನಿವೇದನೆಗೆ ಬಂದು, ತಾನು ಮಾಡದ ತಪ್ಪಿಗಾಗಿ ವರ್ಷಗಟ್ಟಲೆ ಕ್ಷಮೆ ಬೇಡುವವರಿಗೆ ಗುರುಗಳಾದ ನಾವು ಹೇಳಬೇಕಾದ ಮಾತು ಒಂದೇ: ಗಾಯ ಪಾಪವಲ್ಲ. ಪಾಪಕ್ಕೆ ಕ್ಷಮೆ ಬೇಕು, ಗಾಯಕ್ಕೆ ಚಿಕಿತ್ಸೆ ಬೇಕು.

ಇಂಟರ್ನೆಟ್ ಮೂಲಕ ಹೇಗೆ?

2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಉಳಿದಾಗ ಚಿಕಿತ್ಸಕರು ವೀಡಿಯೊ ಕರೆಯ ಮೂಲಕ ಈ ಚಿಕಿತ್ಸೆ ಕೊಡತೊಡಗಿದರು. ಅದೇ ವರ್ಷ ಮಾರ್ಚ್‌ನಲ್ಲಿ ಭಾರತ ಸರಕಾರವು ದೂರವೈದ್ಯಕ್ಕೆ ನಿಯಮಾವಳಿಯನ್ನು ಹೊರಡಿಸಿತು. ಬೆರಳಿನ ಬದಲಿಗೆ ಪರದೆಯ ಮೇಲೆ ಎಡಬಲಕ್ಕೆ ಓಡಾಡುವ ಚುಕ್ಕಿಯನ್ನು ನೋಡಬೇಕು. ಅಥವಾ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು, ಚಿಟ್ಟೆ ರೆಕ್ಕೆ ಬಡಿಯುವಂತೆ ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟಿಕೊಳ್ಳಬೇಕು. ‘ಚಿಟ್ಟೆಯ ಅಪ್ಪುಗೆ’ ಎಂಬ ಈ ಕ್ರಮ ಹುಟ್ಟಿದ್ದು ಮೆಕ್ಸಿಕೊ ದೇಶದ ಅಕಾಪುಲ್ಕೊದಲ್ಲಿ, 1997ರ ಪಾಲಿನ್ ಚಂಡಮಾರುತದಲ್ಲಿ ಬದುಕಿ ಉಳಿದವರ ನಡುವೆ. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಟರ್ನೆಟ್ ಮೂಲಕ ಚಿಕಿತ್ಸೆ ಪಡೆದವರಲ್ಲೂ ಲಕ್ಷಣಗಳು ಚೆನ್ನಾಗಿ ಇಳಿದುದು ಕಂಡುಬಂತು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಲಾಭವಿದೆ. ಪೇಟೆಯ ಆಸ್ಪತ್ರೆಯಲ್ಲಿ ಜ್ವರ, ಕೆಮ್ಮುಗಳನ್ನು ಹರಕು ಮಲಯಾಳದಲ್ಲಿ ಹೇಗೋ ಹೇಳಿ ಮುಗಿಸುತ್ತೇವೆ. ಆದರೆ ಮಗ ನೀರಿನಲ್ಲಿ ಮುಳುಗಿದ ಸಂಗತಿಯನ್ನು ತಾಯಿ ಯಾವ ಭಾಷೆಯಲ್ಲಿ ಹೇಳಿಯಾಳು? ಅಳು ಬರುವ ಭಾಷೆ ಬೇರೆಯೇ ಇರುತ್ತದೆ. ಮಂಗಳೂರು, ಬೆಂಗಳೂರುಗಳಲ್ಲಿ ಕುಳಿತ, ಕನ್ನಡವನ್ನೋ ಕೊಂಕಣಿಯನ್ನೋ ತುಳುವನ್ನೋ ಬಲ್ಲ ಚಿಕಿತ್ಸಕರನ್ನು ಬಸ್ಸಿನ ಖರ್ಚಿಲ್ಲದೆ ಈಗ ಮಾತನಾಡಿಸಬಹುದು.

ಗಮನಿಸಬೇಕಾದ ಅಂಶಗಳು

1. ಚಿಕಿತ್ಸಕರು ಮನೋವೈದ್ಯರೋ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೋ ಎಂದು ವಿಚಾರಿಸಿ. ಇ.ಎಂ.ಡಿ.ಆರ್. ತರಬೇತಿ ಎಲ್ಲಿ ಪಡೆದರೆಂದೂ ಕೇಳಿ. ಕೇಳಲು ಸಂಕೋಚ ಬೇಡ. ಸಸಿ ಕೊಳ್ಳುವಾಗಲೂ ನರ್ಸರಿ ಯಾವುದೆಂದು ಕೇಳುತ್ತೇವಲ್ಲ.

2. ಮೊಬೈಲಿನಲ್ಲಿ ಸಿಗುವ ಓಡಾಡುವ ಚುಕ್ಕಿಯ ವೀಡಿಯೊ ನೋಡಿ ಸ್ವಯಂ ಚಿಕಿತ್ಸೆ ಮಾಡಿಕೊಳ್ಳಬೇಡಿ. ಗಾಯ ತೆರೆದು, ಕಟ್ಟುವವರಿಲ್ಲದೆ ಬಿಟ್ಟಂತಾಗುತ್ತದೆ.

3. ಸಾಯಬೇಕೆಂಬ ಆಲೋಚನೆ, ಇಲ್ಲದ ದನಿ ಕೇಳಿಸುವುದು, ಮೂರ್ಛೆರೋಗ, ಕುಡಿತ, ಗರ್ಭ, ಕಣ್ಣಿನ ತೊಂದರೆ ಇದ್ದರೆ ಮೊದಲೇ ತಿಳಿಸಿ. ಇಂಥ ಕೆಲವರು ನೇರವಾಗಿ ಆಸ್ಪತ್ರೆಗೇ ಹೋಗಬೇಕಾಗಬಹುದು.

4. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಳ್ಳೆಯ ನೆಟ್‌ವರ್ಕ್ ಇರಲಿ. ಮೊಬೈಲಿಗಿಂತ ದೊಡ್ಡ ಪರದೆ ಒಳ್ಳೆಯದು. ಕರೆ ಕಡಿದುಹೋದರೆ ಏನು ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ನೀವಿರುವ ಜಾಗವನ್ನೂ, ತುರ್ತಿಗೆ ಸಿಗುವ ಮನೆಯವರ ನಂಬರನ್ನೂ ಕೊಟ್ಟಿರಿ.

5. ಚಿಕಿತ್ಸೆಯಾದ ದಿನ ಮರ ಹತ್ತುವುದು, ಯಂತ್ರ ನಡೆಸುವುದು ಬೇಡ. ಒಂದೆರಡು ದಿನ ಕನಸು, ಆಯಾಸ ಹೆಚ್ಚಾಗಬಹುದು.

6. ವೈದ್ಯರು ಕೊಟ್ಟ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಖರ್ಚು ಭರಿಸಲಾಗದವರು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ. ಹಗಲೂ ರಾತ್ರಿಯೂ ಇರುತ್ತದೆ. ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ಕಣ್ಣಿನ ಚಲನೆಯ ಚಿಕಿತ್ಸೆ ಕೊಡುವುದಿಲ್ಲ. ಆದರೆ ಸಮಾಧಾನದ ಮಾತು ಸಿಗುತ್ತದೆ, ಮುಂದಿನ ದಾರಿ ತೋರಿಸುತ್ತಾರೆ.

ನೆರೆಹೊರೆಯವರ ಕರ್ತವ್ಯ

ಸಾವಿನ ಮನೆಗೆ ಹೋದಾಗ ‘ಹೇಗಾಯಿತು? ನೀನು ಎಲ್ಲಿದ್ದಿ?’ ಎಂದು ಬಂದವರೆಲ್ಲ ಕೇಳುವುದು ನಮ್ಮಲ್ಲಿ ರೂಢಿ. ಕೇಳುವವರಿಗೆ ಅದು ಒಂದು ಸಲ. ಹೇಳುವವರಿಗೆ ನೂರು ಸಲ. ದುರಂತವಾದ ಕೂಡಲೇ ನಡೆದುದನ್ನು ಒತ್ತಾಯಿಸಿ ಹೇಳಿಸುವುದರಿಂದ ಮನಸ್ಸು ಹಗುರಾಗುತ್ತದೆಂಬ ಹಳೆಯ ನಂಬಿಕೆಯನ್ನು ವೈದ್ಯಶಾಸ್ತ್ರ ಇಂದು ಒಪ್ಪುವುದಿಲ್ಲ. ಗಂಜಿ ಕೊಂಡುಹೋಗಿ, ದನಗಳಿಗೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಾಗಿ ಮಾತೆತ್ತಿದರೆ ಕಿವಿಗೊಡಿ.

ಪ್ರತಿಯೊಂದು ವಾಳೆಯ ಗುರ್ಕಾರರೂ ತಮ್ಮ ವಾಳೆಯಲ್ಲಿ ಕಳೆದ ಎರಡು ಮೂರು ವರ್ಷಗಳಲ್ಲಿ ಅಪಘಾತ, ಆತ್ಮಹತ್ಯೆ ನಡೆದ ಮನೆಗಳನ್ನು ನೆನಪು ಮಾಡಿಕೊಳ್ಳಲಿ. ಮೂವತ್ತನೆಯ ದಿನದ ಪೂಜೆಯ ಬಳಿಕ ಆ ಮನೆಯ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ? ನೆಂಟರು ಬರುವುದು ನಿಂತ ಮೇಲೆಯೇ ಈ ಕಾಯಿಲೆ ಗಟ್ಟಿಯಾಗುವುದು. ಒಮ್ಮೆ ಹೋಗಿ, ‘ರಾತ್ರಿ ನಿದ್ದೆ ಬರುತ್ತದೆಯೇ?’ ಎಂದು ಕೇಳಿ. ಇಲ್ಲವೆಂದರೆ ಮೇಲೆ ಹೇಳಿದ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ.